ಪೇಷಂಟ್ ಕಡೆಯೋರು ಯಾರು?

ಹಾಸನ
೧೨ ಜೂನ್ ೨೦೨೪

ಜ್ವಾಲಾಮಾಲಿನಿ ಮೇಡಂ ಅವರಿಗೆ ನಮಸ್ಕಾರ.

ನಾನು ನಿಸರ್ಗ, ದಂಡಿಗನಹಳ್ಳಿಯವಳು. ನೀವು ರಿಟೈರ್ ಆಗುವ ಮುಂಚೆ ಪಾಠ ಮಾಡಿದ ಕೊನೆಯ ಬ್ಯಾಚು ನಮ್ಮದು. ಇಂಜೆಕ್ಷನ್ ಚುಚ್ಚುವುದನ್ನು ಕಿತ್ತಳೆಹಣ್ಣಿನ ಮೇಲೆ ಕಲಿಯಿರಿ ಎಂದು ಕೊಟ್ಟರೆ ಹಣ್ಣನ್ನೇ ತಿಂದು ಸಿಕ್ಕಿಬಿದ್ದವಳು ನಾನೇ. ಇಷ್ಟು ಹೇಳಿದರೆ ನೆನಪಾಗುತ್ತೇನೆ ಎಂದುಕೊಂಡಿದ್ದೇನೆ. ನಿಮ್ಮ ತಮ್ಮನ ಮಗ ಪದ್ಮಕುಮಾರ್ ಅವರಿಗೆ ಫೋನ್ ಮಾಡಿದ್ದೆ. "ಅತ್ತೆಗೆ ಕಿವಿ ಪೂರ್ತಿ ಹೋಗಿದೆ, ಮೊಬೈಲಲ್ಲಿ ಬರೆದರೆ ಓದಲ್ಲ, ಕಾಗದ ಹಾಕಿ" ಎಂದು ವಿಳಾಸ ಕೊಟ್ಟರು. ಕೈಯಲ್ಲಿ ಕಾಗದ ಬರೆದು ಎಷ್ಟು ವರ್ಷವಾಯಿತೋ, ಅಕ್ಷರ ಓದಲು ಬಾರದಿದ್ದರೆ ಬೈದುಕೊಳ್ಳಬೇಡಿ.

ವಾರ್ಡಿನಲ್ಲಿ ಕೆಲಸ ಮಾಡಿ ಸಾಕಾಗಿ ಈಗ ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ, ಎರಡನೇ ವರ್ಷ. ಲಕ್ವ ಹೊಡೆದು ಮಲಗಿದವರನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ, ಅವರ ಕಡೆಯವರಿಗೆ ಆರೈಕೆ ಹೇಳಿಕೊಡುವುದು ನನ್ನ ಥೀಸಿಸ್. ಮಗ್ಗುಲು ಹೇಗೆ ಬದಲಾಯಿಸಬೇಕು, ಬೆನ್ನಿನಲ್ಲಿ ಹುಣ್ಣಾಗದ ಹಾಗೆ ಹೇಗೆ ನೋಡಿಕೊಳ್ಳಬೇಕು, ಊಟ ಹೇಗೆ ಮಾಡಿಸಬೇಕು, ಇಷ್ಟೇ. ಹೇಳಿಕೊಡುವ ಮೊದಲು ಒಂದು ಪ್ರಶ್ನೆಪತ್ರಿಕೆ, ಹೇಳಿಕೊಟ್ಟ ಮೇಲೆ ಅದೇ ಪ್ರಶ್ನೆಪತ್ರಿಕೆ. ಅಂಕ ಸಿಕ್ಕಾಪಟ್ಟೆ ಏರಿದೆ ಮೇಡಂ! ಗೈಡ್ ಖುಷಿಯಾಗಿದ್ದಾರೆ. ಈ ಸೆಷನ್ನಿನಲ್ಲೇ ಸಲ್ಲಿಸಿಬಿಡು, ಹೊಳೆನರಸೀಪುರದ ನರ್ಸಿಂಗ್ ಶಾಲೆಯಲ್ಲಿ ಟ್ಯೂಟರ್ ಕೆಲಸ ಖಾಲಿ ಇದೆ, ನಿನ್ನ ಹೆಸರು ಹೇಳಿದ್ದೇನೆ ಎಂದಿದ್ದಾರೆ.

ಉಳಿದಿರುವುದು ಒಂದೇ ಪುಟ, ಪರಿಕಲ್ಪನಾ ಚೌಕಟ್ಟು. ಲೈಬ್ರರಿಯಲ್ಲಿ ಹಳೆಯ ಥೀಸಿಸ್ಸುಗಳನ್ನು ತೆಗೆದು ನೋಡಿದರೆ ಎಲ್ಲದರಲ್ಲೂ ಒಂದೇ ಚಿತ್ರ. ಮನುಷ್ಯ, ಪರಿಸರ, ಆರೋಗ್ಯ, ಶುಶ್ರೂಷೆ ಎಂಬ ನಾಲ್ಕು ಚೌಕ, ನಡುವೆ ಬಾಣಗಳು. ಕಾಯಿಲೆಯ ಹೆಸರು ಮಾತ್ರ ಬೇರೆ. "ಫೋಟೋ ತಕ್ಕೊಂಡು ಹೆಸರು ಬದಲಾಯ್ಸು ಕಣೆ, ಆ ಪುಟಾನ ಯಾರೂ ಓದಲ್ಲ" ಎಂದರು ಸೀನಿಯರುಗಳು. ಆದರೆ ನಾನು ಚಿತ್ರದ ಗುರುತು ಹಿಡಿದೆ. ಅದು ನೀವು ನಮಗೆ ಬೋರ್ಡಿನ ಮೇಲೆ ಬರೆದದ್ದು. ಶುಶ್ರೂಷೆಯ ಚೌಕದಿಂದ ಒಂದು ಬಾಣ ಹೊರಟು ಅರ್ಧದಲ್ಲೇ ನಿಂತುಬಿಡುತ್ತದೆ. ಎಲ್ಲಾ ಥೀಸಿಸ್ಸಿನಲ್ಲೂ ಆ ಬಾಣ ಹಾಗೇ ನಿಂತಿದೆ. ಅದರ ಅರ್ಥ ಏನು ಮೇಡಂ? ಪರೀಕ್ಷಕರು ಕೇಳಿದರೆ ಏನು ಹೇಳಲಿ?

ನಿಮ್ಮ ವಿದ್ಯಾರ್ಥಿನಿ,
ನಿಸರ್ಗ


ಅರಕಲಗೂಡು
೨೧ ಜೂನ್ ೨೦೨೪

ನಿಸರ್ಗಾ,

ಕಿತ್ತಳೆಹಣ್ಣು ನೆನಪಿದೆ. ಸಿಪ್ಪೆಯನ್ನು ನೀನು ನನ್ನ ಮೇಜಿನ ಡ್ರಾಯರಿನಲ್ಲೇ ಬಚ್ಚಿಟ್ಟಿದ್ದೆ, ಅದೂ ನೆನಪಿದೆ.

ಹೋದ ತಿಂಗಳು ಪದ್ಮಕುಮಾರ್ ಮತ್ತು ಅವನ ಹೆಂಡತಿ ತ್ರಿಷಾ ನನ್ನನ್ನು ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಕರೆದುಕೊಂಡು ಹೋಗಿದ್ದರು. ಕಿವುಡಿಗೆ ಯಾಕಪ್ಪಾ ಸಂಗೀತ ಎಂದರೆ ಕೇಳಲಿಲ್ಲ. ಮೊದಲ ಸಾಲಿನಲ್ಲಿ ಕೂತು ಜನ ತೊಡೆಯ ಮೇಲೆ ತಾಳ ಹಾಕುವುದನ್ನು ನೋಡಿದೆ. ಯಾರು ಸರಿಯಾಗಿ ಹಾಕುತ್ತಾರೆ, ಯಾರು ಪಕ್ಕದವರನ್ನು ನೋಡಿಕೊಂಡು ಹಾಕುತ್ತಾರೆ ಎಂದು ಚೆನ್ನಾಗಿ ತಿಳಿಯುತ್ತದೆ. ನಿಮ್ಮ ಲೈಬ್ರರಿಯ ಕಥೆ ಓದಿದಾಗ ಅದೇ ನೆನಪಾಯಿತು.

ಆ ಬಾಣಕ್ಕೆ ಅರ್ಥ ಗಿರ್ಥ ಏನೂ ಇಲ್ಲ. ನಾನು ಬರೆಯುತ್ತಿದ್ದಾಗ ಗಂಟೆ ಹೊಡೆಯಿತು. ಸೀಮೆಸುಣ್ಣ ಇಟ್ಟು ಹೊರಟೆ. ನೀವು ಹಾಗೇ ಬರೆದುಕೊಂಡಿರಿ. ನಿಮ್ಮ ಹಿಂದಿನ ಬೆಂಚಿನವರು ನಿಮ್ಮದನ್ನು ನೋಡಿ, ನಿಮ್ಮ ನಂತರ ಬಂದವರು ಅವರದನ್ನು ನೋಡಿ ಬರೆದುಕೊಂಡಿರಬೇಕು. ಇಷ್ಟು ವರ್ಷ ಯಾರೊಬ್ಬರೂ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಲಿಲ್ಲವಲ್ಲ, ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ. ನೀನು ಕೇಳಿದೆ. ಅಷ್ಟರ ಮಟ್ಟಿಗೆ ಕಿತ್ತಳೆಹಣ್ಣಿನ ತಪ್ಪು ಮಾಫಿ.

ಆದರೆ ನೀನು ಮಾಡುತ್ತಿರುವುದೂ ತಲೆಕೆಳಗು. ಮನೆ ಕಟ್ಟುವವರು ಗೋಡೆ ಏಳುವ ಮೊದಲು ಬಾಗಿಲ ಚೌಕಟ್ಟು ನಿಲ್ಲಿಸುತ್ತಾರೆ. ನೀನು ಮನೆ ಕಟ್ಟಿ, ಸುಣ್ಣ ಬಳಿದು, ಗೃಹಪ್ರವೇಶದ ಹೊತ್ತಿಗೆ ಚೌಕಟ್ಟು ಹುಡುಕುತ್ತಿದ್ದೀಯ. ರೋಗಿಯ ಹತ್ತಿರ ಹೋದಾಗ ಏನನ್ನು ನೋಡಬೇಕು ಎಂದು ಹೇಳುವುದೇ ಚೌಕಟ್ಟು. ನೋಡಿ ಬಂದ ಮೇಲೆ ಅಂಟಿಸುವ ಚಿತ್ರ ಅಲ್ಲ.

ಒಂದು ಪ್ರಶ್ನೆ. ಅಂಕ ಏರಿದೆ ಎಂದು ಬರೆದಿದ್ದೀಯ. ಬೆನ್ನು ನೋಡಿದೆಯಾ?

ಜ್ವಾಲಾಮಾಲಿನಿ


ದಂಡಿಗನಹಳ್ಳಿ
೭ ಜುಲೈ ೨೦೨೪

ಮೇಡಂ,

ಊರಿನಿಂದ ಬರೆಯುತ್ತಿದ್ದೇನೆ. ನಿಮ್ಮ ಪ್ರಶ್ನೆ ಓದಿ ಮುಖಕ್ಕೆ ಹೊಡೆದ ಹಾಗಾಯಿತು. ಯಾರ ಬೆನ್ನನ್ನೂ ನೋಡಿರಲಿಲ್ಲ. ನನ್ನ ಥೀಸಿಸ್ಸಿಗೆ ಬೇಕಾಗಿದ್ದದ್ದು ಅಂಕ, ಅಂಕ ಸಿಕ್ಕಿತ್ತು.

ಅದಕ್ಕೇ ರಜೆ ಹಾಕಿ ಬಾಗೂರಿಗೆ ಹೋದೆ. ಅಲ್ಲಿ ಚಿಕ್ಕಲಕ್ಷ್ಮಮ್ಮ ಎಂಬ ಪೇಷಂಟ್ ಇದ್ದಾರೆ, ಬಲಗಡೆ ಪೂರ್ತಿ ಬಿದ್ದುಹೋಗಿದೆ, ಮಾತೂ ಇಲ್ಲ. ಅವರ ಮಗ ಮಂಜುನಾಥ ಹಾಲಿನ ಡೈರಿಯಲ್ಲಿ ಸೆಕ್ರೆಟರಿ, ಬಿ.ಎ. ಓದಿದವರು. ನನ್ನ ಪ್ರಶ್ನೆಪತ್ರಿಕೆಯಲ್ಲಿ ಎಲ್ಲದಕ್ಕೂ ಸರಿ ಉತ್ತರ ಬರೆದವರು ಅವರೊಬ್ಬರೇ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ, ನಿಮಗೆ ಧೈರ್ಯವಾಗಿ ಉತ್ತರ ಬರೆಯೋಣ ಎಂದುಕೊಂಡೆ.

ಹೋದರೆ ನಡುಮನೆಯಲ್ಲಿ ಮಂಚ. ಒಬ್ಬರು ಹೆಂಗಸು ಚಾಪೆ ಹಾಸಿ ನೀರು ಕೊಟ್ಟರು. ಬೆನ್ನು ನೋಡಬೇಕು ಎಂದಾಗ ಅವರೇ ಬಂದು ಚಿಕ್ಕಲಕ್ಷ್ಮಮ್ಮನನ್ನು ಎತ್ತಿ ಹಿಡಿದುಕೊಂಡರು. ಬೆನ್ನ ಕೆಳಗೆ ಏನೋ ಬಟ್ಟೆ ಸುತ್ತಿ ತುರುಕಿದ್ದರು. ಕಿತ್ತು ಎಸೆದೆ. ಅದು ಒತ್ತಿದ್ದ ಜಾಗದಲ್ಲಿ, ಬಾಲದ ಮೂಳೆಯ ಹತ್ತಿರ, ನನ್ನ ಅಂಗೈ ಅಗಲದ ಹುಣ್ಣು ಮೇಡಂ. ಚರ್ಮ ಹೋಗಿ ಒಳಗಿನ ಮಾಂಸ ಕಾಣುತ್ತಿತ್ತು.

ಮಂಜುನಾಥ ಡೈರಿಯಿಂದ ಬಂದರು. ನಾನು ತಡೆಯಲಾರದೆ ಕೂಗಾಡಿದೆ.

"ಏನ್ ಮಂಜಣ್ಣ ಇದು? ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ಬೇಕು ಅಂತ ನೀವೇ ಬರೆದಿದ್ರಲ್ಲ!"

"ಬರ್ದಿವ್ನಿ ಕಣವ್ವ. ಇಲ್ಲ ಅಂದ್ನಾ? ನಾನು ಒತ್ತಾರೆ ಡೈರಿಗೆ ಓದ್ರೆ ಬರೋದು ಇಂಗೆ ಮದ್ಯಾನ. ನಮ್ಮವ್ವನ್ನ ಬೀದಿಲಿ ಬುಟ್ಟಿಲ್ಲ. ಮನೇಲವ್ರೆ, ನೋಡ್ಕತಾರೆ."

"ನೋಡ್ಕೊಂಡ್ರೆ ಹಿಂಗಾಗ್ತಿತ್ತಾ?"

ಅವರ ಮುಖ ಕಪ್ಪಿಟ್ಟಿತು. "ನಮ್ಮವ್ವ ಕಣಮ್ಮ ಅವ್ಳು, ನಿಮ್ಮವ್ವ ಅಲ್ಲ," ಎಂದವರೇ ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಆ ಹೆಂಗಸು ಹಿತ್ತಿಲಲ್ಲಿ ಹೊದಿಕೆ ಒಗೆಯಲು ಹೋದರು. ಗಾಯಕ್ಕೆ ಡ್ರೆಸಿಂಗ್ ಮಾಡಿ, ಚನ್ನರಾಯಪಟ್ಟಣದ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟು ಬಂದೆ.

ಓದಿದವರಿಗೆ ತಿಳಿವಳಿಕೆ ಇದೆ, ಮನಸ್ಸಿಲ್ಲ. "ಮನೆಯವರ ನಿರ್ಲಕ್ಷ್ಯ" ಎಂದು ಒಂದು ಪ್ಯಾರಾ ಸೇರಿಸುತ್ತೇನೆ. ಸತ್ಯವನ್ನು ಮುಚ್ಚಿಡುವುದಿಲ್ಲ. ಸರಿ ತಾನೇ?

ನಿಸರ್ಗ


ಅರಕಲಗೂಡು
೧೬ ಜುಲೈ ೨೦೨೪

ನಿಸರ್ಗಾ,

ಸರಿ ಅಲ್ಲ.

ಸೂರ್ಯ ಇಳಿಯುವ ಮೊದಲು ಊಟ ಮುಗಿಸಿ ನಿನ್ನ ಕಾಗದವನ್ನು ಇನ್ನೊಮ್ಮೆ ಓದಿದೆ. ಆ ಮನೆಯಲ್ಲಿ ಒಬ್ಬರು ಹೆಂಗಸು ಇದ್ದಾರೆ. ನಿನಗೆ ಚಾಪೆ ಹಾಸಿದರು, ನೀರು ಕೊಟ್ಟರು, ಕೈಲಾಗದ ಮೈಯನ್ನು ಎತ್ತಿ ಹಿಡಿದರು, ಹೊದಿಕೆ ಒಗೆಯಲು ಹೋದರು. ಹುಣ್ಣಿನ ಅಳತೆ ಬರೆದಿದ್ದೀಯ, ಮಗನ ಓದು ಬರೆದಿದ್ದೀಯ. ಆಕೆಗೆ ಒಂದು ಹೆಸರಿಲ್ಲ. ಆಕೆ ಯಾರು?

ಬೆನ್ನ ಕೆಳಗಿನ ಬಟ್ಟೆಯನ್ನು ಕಿತ್ತು ಎಸೆದೆಯಲ್ಲ. ಅದನ್ನು ಸುತ್ತಿದವರು ಯಾರು? ಯಾಕೆ ಸುತ್ತಿದರು? ಬೇಡದ ರೋಗಿಗೆ ಯಾರೂ ಕೂತು ಬಟ್ಟೆ ಸುತ್ತುವುದಿಲ್ಲ ಕಣಮ್ಮಾ.

ನಿರ್ಲಕ್ಷ್ಯ ಎಂಬ ಪದ ನಮ್ಮ ಕಸುಬಿನವರಿಗೆ ಬಲು ಸಲೀಸು. ಅದನ್ನು ಬರೆದುಬಿಟ್ಟರೆ ಮತ್ತೆ ಏನನ್ನೂ ಕೇಳಬೇಕಾಗಿಲ್ಲ. ನೀನು ಹೇಳದಿದ್ದರೂ ನಿನ್ನ ಪ್ರಶ್ನೆಪತ್ರಿಕೆಯ ಹಿಂದೆ ಅಮೆರಿಕದ ಪುಸ್ತಕದ ಸ್ವ-ಆರೈಕೆಯ ಸಿದ್ಧಾಂತವಿದೆ. ಅದರಲ್ಲಿ ರೋಗಿ ಮತ್ತು ನರ್ಸು ಇಬ್ಬರೇ. ತಿಳಿವಳಿಕೆ ಕೊಟ್ಟರೆ ಆರೈಕೆ ಆಗುತ್ತದೆ ಎನ್ನುತ್ತದೆ. ಅಲ್ಲಿಯವರು ಅಲ್ಲಿಯ ಆಸ್ಪತ್ರೆ ನೋಡಿ ಬರೆದಿದ್ದಾರೆ, ತಪ್ಪೇನಿಲ್ಲ. ನೀನು ಬಾಗೂರು ನೋಡಿ ಬರೆಯಬೇಕು. ನಿನ್ನ ತಿಳಿವಳಿಕೆ ಮಂಜುನಾಥನ ತನಕ ಹೋಗಿದೆ. ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತು?

ಇನ್ನೊಮ್ಮೆ ಹೋಗು. ಕೂಗಾಡಿದ್ದಕ್ಕೆ ಮಂಜುನಾಥನ ಹತ್ತಿರ ಕ್ಷಮೆ ಕೇಳು. ಆಮೇಲೆ ಆಕೆಯ ಜೊತೆ ಕೂತುಕೋ.

ಜ್ವಾಲಾಮಾಲಿನಿ


ಹಾಸನ
೧೯ ಆಗಸ್ಟ್ ೨೦೨೪

ಮೇಡಂ,

ಆಕೆಯ ಹೆಸರು ನಂಜಮ್ಮ. ಚಿಕ್ಕಲಕ್ಷ್ಮಮ್ಮನ ವಾರಗಿತ್ತಿ. ಇಬ್ಬರೂ ಒಂದೇ ಮನೆಗೆ ಸೊಸೆಯಾಗಿ ಬಂದು, ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಂಡು ಬಂದವರು. ಆಸ್ಪತ್ರೆಯಲ್ಲೂ ಮಂಚದ ಕೆಳಗೆ ಮಲಗುತ್ತಿದ್ದವರು ಇವರೇ. ನಾನು ದಿನಾ ಅವರನ್ನು ದಾಟಿಕೊಂಡೇ ಓಡಾಡಿದ್ದೇನೆ.

ನಾನು ಹೇಳಿಕೊಡುವಾಗ ನೀವೆಲ್ಲಿದ್ದಿರಿ ಎಂದು ಕೇಳಿದೆ.

"ಅಲ್ಲೇ ಇದ್ದೆ ಕಣವ್ವ. ನೀನು ಪೇಪರ್ ಇಡ್ಕಂಡು ಬಂದೆ. 'ಪೇಷಂಟ್ ಕಡೆಯೋರು ಬನ್ನಿ' ಅಂದೆ. ಓದ್ದೋನು ಮಂಜ ಅವ್ನೆ, ನಂಗೇನ್ ತಿಳ್ದದು ಅಂತ ಬುತ್ತಿ ಡಬ್ಬಿ ತೊಳೆಯಕ್ಕೆ ಎದ್ದೋದೆ."

"ಮಂಜಣ್ಣ ಮನೆಗೆ ಬಂದ ಮೇಲೆ ಏನು ಹೇಳಿದ್ರು?"

"ಚೆಂದಾಗ್ ನೋಡ್ಕ ದೊಡ್ಡವ್ವ ಅಂದ. ನೋಡ್ಕತಾನೇ ಇವ್ನಿ."

ಆ ಬಟ್ಟೆ ಏನು ಗೊತ್ತೇ ಮೇಡಂ? ಸಿಂಬೆ. ತಲೆಯ ಮೇಲೆ ಬಿಂದಿಗೆ ಹೊರುವಾಗ ಇಟ್ಟುಕೊಳ್ಳುವ ಸಿಂಬೆ. "ತಲೆಗೆ ಒತ್ಬಾರ್ದು ಅಂತ ತಾನೇ ಸಿಂಬೆ ಇಡದು? ಇವ್ಳ ಬೆನ್ನೂ ಒತ್ಬಾರ್ದು ಅಂತ ನನ್ನ ಅಳೇ ಸೀರೆ ಅರ್ದು ಸುತ್ತಿಟ್ಟೆ. ನೀನು ಕಿತ್ತಾಕ್ಬುಟ್ಟೆ," ಎಂದರು. ಕೋಪದಿಂದಲ್ಲ, ಪಾಪ, ನಾನು ಮಾಡಿದ್ದು ಯಾಕೆ ಎಂದು ನಿಜವಾಗಿಯೂ ತಿಳಿಯದೆ. ಸಿಂಬೆಯ ಸುತ್ತಲಿನ ಅಂಚು ಒತ್ತಿ ನಡುವೆ ರಕ್ತ ಓಡುವುದು ನಿಂತು ಹುಣ್ಣಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ನನ್ನ ಪಾಠದಲ್ಲೇ ಇತ್ತು. ಮಂಜುನಾಥ ಅದನ್ನು ಸರಿಯಾಗಿ ಬರೆದೂ ಇದ್ದರು. ಅದು ತಿಳಿಯಬೇಕಾದ ಕೈಗಳು ಆ ಹೊತ್ತಿನಲ್ಲಿ ಡಬ್ಬಿ ತೊಳೆಯುತ್ತಿದ್ದವು. ನಾನು ಬಸ್ಸಿನಲ್ಲಿ ಅತ್ತುಬಿಟ್ಟೆ ಮೇಡಂ.

ಕಣ್ಣೊರೆಸಿಕೊಂಡು ಮಿಕ್ಕ ಮನೆಗಳಿಗೂ ಹೋದೆ. ಒಂದೊಂದು ಕಡೆಯೂ ಒಂದೇ ಪ್ರಶ್ನೆ: ಮಗ್ಗುಲು ಬದಲಾಯಿಸುವುದು ಯಾರು? ನಾನು ಹೇಳಿಕೊಟ್ಟವರು ಬೇರೆ, ಮೈ ಮುಟ್ಟುವವರು ಬೇರೆ. ಹೆಚ್ಚುಕಮ್ಮಿ ಎಲ್ಲ ಮನೆಯಲ್ಲೂ ಹಾಗೇ. ಒಂದು ಮನೆಯಲ್ಲಿ ಮಾತ್ರ ಮಂಚಯ್ಯ ಎಂಬುವರು ಹೆಂಡತಿಗೆ ತಾವೇ ಮಾಡುತ್ತಾರೆ. ಅವರ ಅಂಕ ಕಮ್ಮಿ, ಹೆಂಡತಿಯ ಬೆನ್ನು ಚೊಕ್ಕ.

ಹಾಗಾದರೆ ನಿಮ್ಮ ನಾಲ್ಕು ಚೌಕ ನಮಗೆ ಸಾಲುವುದಿಲ್ಲ. ಅರ್ಧಕ್ಕೆ ನಿಂತ ಆ ಬಾಣದ ತುದಿಗೆ ಐದನೆಯ ಚೌಕ ಬರೆದಿದ್ದೇನೆ. ಅದರ ಹೆಸರು "ಕಡೆಯವರು". ಇಂಗ್ಲಿಷಿನಲ್ಲಿ ಸರಿಯಾದ ಪದ ಸಿಗಲಿಲ್ಲ, ಹಾಗೇ ಇಟ್ಟಿದ್ದೇನೆ. ಚಿತ್ರ ಜೊತೆಗಿದೆ. ಗೈಡ್‌ಗೂ ಕೊಟ್ಟಿದ್ದೇನೆ, ಓದುತ್ತೇನೆ ಎಂದಿದ್ದಾರೆ. ಎಲ್ಲ ಸರಿಯಾಗಿಯೇ ನಡೆಯುತ್ತಿದೆ.

ನೀವು ಏನು ಹೇಳುತ್ತೀರೋ ಎಂದು ಕಾಯುತ್ತಿರುತ್ತೇನೆ.

ನಿಸರ್ಗ


ಹಾಸನ
೬ ಸೆಪ್ಟೆಂಬರ್ ೨೦೨೪

ಮೇಡಂ,

ನಿಮ್ಮಿಂದ ಉತ್ತರವಿಲ್ಲ. ಕಾಗದ ತಲುಪಿತೋ ಇಲ್ಲವೋ ಎಂದು ಪದ್ಮಕುಮಾರ್ ಅವರಿಗೆ ಫೋನ್ ಮಾಡಿದೆ. ತಲುಪಿದೆ ಎಂದಷ್ಟೇ ಹೇಳಿ, ಅಂಗಡಿಗೆ ಗಿರಾಕಿ ಬಂದಿದ್ದಾರೆ ಎಂದು ಇಟ್ಟುಬಿಟ್ಟರು.

ನಿಮ್ಮ ಚಿತ್ರವನ್ನು ತಿದ್ದಿದ್ದು ಅಧಿಕಪ್ರಸಂಗ ಅನಿಸಿತೇ? ಅನಿಸಿದ್ದರೆ ಬೈದು ಬರೆಯಿರಿ. ಸುಮ್ಮನಿರಬೇಡಿ.

ನಿಸರ್ಗ


೧೧ ಸೆಪ್ಟೆಂಬರ್ ೨೦೨೪

ನಿಸರ್ಗಾ,

ಕೋಪವಿಲ್ಲ. ಚೌಕ ಬರೆದ ಮಾತ್ರಕ್ಕೆ ಕೆಲಸ ಮುಗಿಯಿತು ಎಂದುಕೊಳ್ಳಬೇಡ. ಅದರೊಳಗೆ ಯಾರ್ಯಾರಿದ್ದಾರೆ ನೋಡು. ಹೆಚ್ಚು ಬರೆಯಲು ಈಗ ಪುರಸೊತ್ತಿಲ್ಲ. ನನ್ನನ್ನು ನೋಡಲು ಬರಬೇಕಾಗಿಲ್ಲ.

ಜ್ವಾ.


ಹಾಸನ
೨೦ ಸೆಪ್ಟೆಂಬರ್ ೨೦೨೪

ಮೇಡಂ,

ನಿಮ್ಮ ನಾಲ್ಕು ಸಾಲು ಬಂತು. ಅಕ್ಷರ ನಿಮ್ಮದೇ, ಆದರೆ ಗೀಚಿದ ಹಾಗಿತ್ತು. ಮೇಲೆ ಊರಿನ ಹೆಸರಿರಲಿಲ್ಲ. ಕವರಿನ ಮೇಲೆ ಹಾಸನದ ಅಂಚೆ ಮುದ್ರೆ ಇತ್ತು. ನೀವು ಹಾಸನಕ್ಕೆ ಬಂದು ಹೋಗಿದ್ದೀರಿ, ನನಗೆ ಹೇಳಲಿಲ್ಲ. ನೋಡಲು ಬರಬೇಡ ಎಂದು ಬೇರೆ ಬರೆದಿದ್ದೀರಿ. ನನಗೆ ತುಂಬಾ ನೋವಾಯಿತು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಸೌಜನ್ಯಕ್ಕೆ ಬರೆಯಲು ನನಗೆ ಬರುವುದಿಲ್ಲ.

ಈಗ ನಾನು ಮುಚ್ಚಿಟ್ಟಿದ್ದನ್ನೂ ಹೇಳಿಬಿಡುತ್ತೇನೆ. ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದು ಬರೆದದ್ದು ಸುಳ್ಳು. ಗೈಡ್ ಆಗಲೇ ಚಿತ್ರ ವಾಪಸು ಕೊಟ್ಟಿದ್ದರು. "ನೀನು ಎಂ.ಎಸ್ಸಿ. ಹುಡುಗಿ. ಸಿದ್ಧಾಂತ ಮಾಡೋದು ನಿನ್ನ ಕೆಲಸ ಅಲ್ಲ, ಇರೋದನ್ನ ಬಳಸೋದು ನಿನ್ನ ಕೆಲಸ. ಅಂಕ ಏರಿದೆ, ಬರೆದು ಕೊಡು, ಪಾಸಾಗು" ಎಂದರು. ಅವರು ಕೆಟ್ಟವರಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದರು. ನಾನು ಕೊಡಲಿಲ್ಲ. ಈ ಸೆಷನ್ ಹೋಯಿತು. ಹೊಳೆನರಸೀಪುರದ ಕೆಲಸ ಬೇರೆಯವರಿಗಾಯಿತು. ಅಪ್ಪನಿಗೆ ಇನ್ನೂ ಹೇಳಿಲ್ಲ.

ಆದರೂ ಬಿಡುವುದಿಲ್ಲ ಮೇಡಂ. ಅಂಕ ಏರಿತು, ಆರೈಕೆ ಯಶಸ್ವಿಯಾಯಿತು ಎಂದು ನನ್ನ ಹೆಸರಿನಲ್ಲಿ ಅಚ್ಚಾದರೆ, ಚಿಕ್ಕಲಕ್ಷ್ಮಮ್ಮನ ಬೆನ್ನಿನ ಹುಣ್ಣು ಸುಳ್ಳಾಗುತ್ತದೆ. ಮುಂದಿನ ಹುಡುಗಿ ನನ್ನದನ್ನು ಫೋಟೋ ತೆಗೆದುಕೊಂಡು ಕಾಯಿಲೆಯ ಹೆಸರು ಬದಲಾಯಿಸುತ್ತಾಳೆ. ಇನ್ನು ಮೇಲೆ ಹೊಸದಾಗಿ ಮನೆಗೆ ಹೋಗುವ ಪೇಷಂಟುಗಳನ್ನು ತೆಗೆದುಕೊಂಡು, ಮೈ ಮುಟ್ಟುವವರನ್ನೇ ಹುಡುಕಿ, ಪೇಪರಿಲ್ಲದೆ ಕೈ ಹಿಡಿದು ಹೇಳಿಕೊಟ್ಟು, ಆಮೇಲೆ ಅಂಕವಲ್ಲ, ಬೆನ್ನು ನೋಡುತ್ತೇನೆ.

ನೀವು ಬೇಡ ಎಂದರೂ ಮಾಡುತ್ತೇನೆ.

ನಿಸರ್ಗ


ಅರಕಲಗೂಡು
೪ ಅಕ್ಟೋಬರ್ ೨೦೨೪

ನನ್ನ ನಿಸರ್ಗಾ,

ಬೇಡ ಎಂದವರು ಯಾರೇ ಹುಚ್ಚಿ?

ನಿನ್ನ ಆಗಸ್ಟಿನ ಕಾಗದ ಓದಿ ಮುಗಿಸಿದಾಗ ನನಗಾದ ಸಂತೋಷಕ್ಕೆ ಕೂತಲ್ಲಿ ಕೂರಲಾಗಲಿಲ್ಲ. ಆ ಕ್ಷಣವೇ ಉತ್ತರ ಬರೆಯಬೇಕೆಂದು ಪೆನ್ನು ತರಲು ಎದ್ದೆ. ಬಚ್ಚಲ ಹತ್ತಿರ ಒದ್ದೆಯಿತ್ತು. ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಹಾಸನದ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆಯಿತು. ನಿನ್ನ ಹಾಸ್ಟೆಲಿನಿಂದ ಆಟೋದಲ್ಲಿ ಬರುವಷ್ಟು ದೂರದಲ್ಲಿದ್ದೆ. ಹೇಳಬಾರದು ಎಂದು ಪದ್ಮಕುಮಾರನಿಗೆ ಕಟ್ಟಪ್ಪಣೆ ಮಾಡಿದ್ದೆ. ಹೇಳಿದ್ದರೆ ನೀನು ಬಂದು ನನ್ನ ಕಾಲು ಒತ್ತುತ್ತಾ ಕೂತಿರುತ್ತಿದ್ದೆ. ಆ ಮನೆಗಳಿಗೆ ಯಾರು ಹೋಗುತ್ತಿದ್ದರು? ನೋವಾಯಿತು ಎಂದು ಬರೆದಿದ್ದೀಯ. ಆಗಲಿ. ಅದಕ್ಕಾಗಿ ನಾನು ಮರುಗುವುದಿಲ್ಲ, ಆದರೆ ನೀನು ಬಯ್ಯುವುದನ್ನು ತಲೆಬಗ್ಗಿಸಿ ಕೇಳುತ್ತೇನೆ.

ಈಗ ಕೇಳು, ಮಂಚದ ಮೇಲಿನಿಂದ ನಾನು ನೋಡಿದ್ದನ್ನು.

ನರ್ಸಮ್ಮ ಬಾಗಿಲಲ್ಲಿ ನಿಂತು ಕೂಗುತ್ತಾಳೆ. ನನಗೆ ಕೇಳಿಸುವುದಿಲ್ಲ, ಬಾಯಿ ಆಡುವುದು ಕಾಣುತ್ತದೆ. ನಾನೂ ಅಷ್ಟು ವರ್ಷ ಕೂಗಿದವಳೇ, ತುಟಿ ನೋಡಿದರೆ ಸಾಕು: ಪೇಷಂಟ್ ಕಡೆಯೋರು ಯಾರು? ಪದ್ಮಕುಮಾರ್ ಎದ್ದು ಹೋಗುತ್ತಾನೆ. ತ್ರಿಷಾ ಡಬ್ಬಿ ತೆಗೆದುಕೊಂಡು ಹೊರಗೆ ಹೋಗುತ್ತಾಳೆ. ಬಿ.ಕಾಂ. ಓದಿದ ಹುಡುಗಿ ಅವಳು! ಓದಿಗೂ ಇದಕ್ಕೂ ಸಂಬಂಧವಿಲ್ಲ ನಿಸರ್ಗಾ, ಅದನ್ನು ಸರಿಯಾಗಿ ಬರೆದುಕೋ. ಗಂಡಸರು ಮಾತಾಡುವಾಗ ಡಬ್ಬಿ ತೊಳೆಯಬೇಕು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ, ಆದರೂ ಗೊತ್ತು. ಕಾಲನ್ನು ಹೇಗಿಟ್ಟು ಏಳಿಸಬೇಕು, ಕಾಲುಗಳ ನಡುವೆ ದಿಂಬು ಯಾಕೆ ಬೇಕು ಎಂದು ಪದ್ಮಕುಮಾರನಿಗೆ ಹೇಳಿದರು. ಅವನು ತಲೆ ಆಡಿಸಿ ಅಂಗಡಿಗೆ ಹೋದ. ತ್ರಿಷಾ ನನ್ನನ್ನು ಏಳಿಸಿದಳು, ದಿಂಬಿಲ್ಲದೆ. ನಾನು ಕಿರುಚಿದ್ದು ನನಗೇ ಕೇಳಿಸಿತು.

ಊಟದ್ದು ಇನ್ನೊಂದು. ರಾತ್ರಿಯ ತಟ್ಟೆ ಬರುತ್ತಿದ್ದದ್ದು ಕತ್ತಲಾದ ಮೇಲೆ. ಜೈನರ ಮನೆಯವಳು, ಸೂರ್ಯ ಮುಳುಗಿದ ಮೇಲೆ ನಾನು ಮುಟ್ಟುವುದಿಲ್ಲವಲ್ಲ. ಯಾಕೆ ಎಂದು ಅವರು ಕೇಳಿದ್ದು ನನಗೆ ಕೇಳಿಸಲಿಲ್ಲ, "ರೋಗಿ ಆಹಾರ ನಿರಾಕರಿಸಿದರು" ಎಂದು ಕೇಸ್ ಶೀಟಿನಲ್ಲಿ ಬರೆದರು. ಮರುದಿನ ಡಾಕ್ಟರ್ ಬಂದು ನನ್ನ ಮನಸ್ಸಿನ ಆರೋಗ್ಯ ವಿಚಾರಿಸಿದರು! ಸೂರ್ಯ ಇಳಿಯುವ ಮೊದಲೇ ಕೊಡಿ ಎಂದು ಹೇಳಬಲ್ಲವಳು ಹೊರಗೆ ನಲ್ಲಿಯ ಹತ್ತಿರ ನಿಂತಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ.

ಆದ್ದರಿಂದ ನಿನ್ನ ಐದನೆಯ ಚೌಕ ಸರಿ, ಆದರೆ ಅದು ಒಂದು ಚೌಕ ಅಲ್ಲ. ಅದರೊಳಗೆ ಸಹಿ ಹಾಕುವವರಿದ್ದಾರೆ, ಮೈ ಮುಟ್ಟುವವರಿದ್ದಾರೆ. ಕೂಗಿದರೆ ಎದ್ದು ಬರುವವರು ಒಬ್ಬರು, ಎದ್ದು ಹೋಗುವವರು ಇನ್ನೊಬ್ಬರು. ನಮ್ಮ ಶುಶ್ರೂಷೆ ಎದ್ದು ಬಂದವರ ಹತ್ತಿರ ನಿಂತುಬಿಡುತ್ತದೆ. ಇದನ್ನು ಬರೆ. ಬೇರೆ ಊರಿನಲ್ಲಿ, ಬೇರೆ ಕಾಯಿಲೆಯಲ್ಲಿ ಹೀಗೆಯೇ ಆಗುತ್ತದೋ ಎಂದು ಬೇರೆಯವರು ಹೋಗಿ ನೋಡುವ ಹಾಗೆ ಬರೆ. ಆಗ ಅದು ಜ್ಞಾನವಾಗುತ್ತದೆ. ಇಲ್ಲದಿದ್ದರೆ ನಮ್ಮಿಬ್ಬರ ಅಳು ಅಷ್ಟೇ.

ಅಪ್ಪನಿಗೆ ಹೇಳು. ಮುಚ್ಚಿಡುವ ಕೆಲಸ ನಮ್ಮಿಬ್ಬರಿಗೂ ಚೆನ್ನಾಗಿ ಬರುವುದಿಲ್ಲ.

ಜ್ವಾಲಾಮಾಲಿನಿ

ನಿಸರ್ಗ ಅಕ್ಕಾ, ನಾನು ತ್ರಿಷಾ. ಕವರು ಅಂಟಿಸುವ ಮೊದಲು ಇಷ್ಟು ಸೇರಿಸುತ್ತಿದ್ದೇನೆ. ಅತ್ತೆ ಇದನ್ನು ಬರೆಯಲು ನಾಲ್ಕು ದಿನ ತೆಗೆದುಕೊಂಡರು. ನಿಮ್ಮ ಚಿತ್ರ ಅವರ ದಿಂಬಿನ ಕೆಳಗಿದೆ. ದಿಂಬು ಈಗ ಸರಿಯಾದ ಕಡೆಯೇ ಇಡುತ್ತೇನೆ.


ಹಾಸನ
೨೭ ಜನವರಿ ೨೦೨೫

ಮೇಡಂ,

ಅಕ್ಟೋಬರಿನಲ್ಲಿ ನಿಮ್ಮ ಕಾಗದ ಓದಿ ಸಿಕ್ಕಿದ ಬಸ್ಸು ಹತ್ತಿ ಅರಕಲಗೂಡಿಗೆ ಓಡಿಬಂದರೆ, ಮಂಚದ ಮೇಲಿನಿಂದಲೇ "ಬಾಗೂರಿಗೆ ಮತ್ತೆ ಯಾವಾಗ ಹೋಗ್ತೀಯ?" ಎಂದು ಕೇಳಿದವರು ನೀವು. ಬಯ್ಯಲು ಬಂದವಳು ಬಾಯಿ ಮುಚ್ಚಿಕೊಂಡು, ತ್ರಿಷಾ ಕೊಟ್ಟ ಅಕ್ಕಿರೊಟ್ಟಿ ತಿಂದು ಹಿಂತಿರುಗಿದೆ. ಆ ಕೋಪ ಇನ್ನೂ ಬಾಕಿ ಇದೆ, ನೆನಪಿರಲಿ.

ಮೊದಲು ಒಳ್ಳೆಯ ಸುದ್ದಿ. ಚಿಕ್ಕಲಕ್ಷ್ಮಮ್ಮನ ಹುಣ್ಣು ಮುಚ್ಚಿಕೊಂಡಿದೆ. ಚನ್ನರಾಯಪಟ್ಟಣದವರ ಔಷಧಿಯೂ ಕೆಲಸ ಮಾಡಿದೆ, ನಂಜಮ್ಮನ ಕೈಯೂ ಮಾಡಿದೆ. ಸಿಂಬೆ ಬಿಡಿಸಿದೆವು. ಮೊಮ್ಮಕ್ಕಳ ಹಳೆಯ ಬಟ್ಟೆ ತುಂಬಿ ಎರಡು ದಿಂಬು ಹೊಲಿದಿದ್ದಾರೆ, ಬೆನ್ನಿಗೊಂದು, ಮೊಣಕಾಲಿಗೊಂದು. ಡೈರಿಗೆ ಹೋಗುವಾಗ, ಬಂದಾಗ ಮಂಜಣ್ಣನೂ ಕೈ ಜೋಡಿಸುತ್ತಾರೆ. "ಮೊದ್ಲೇ ಇಂಗೆ ನಮ್ ದೊಡ್ಡವ್ವಂಗೆ ಯೋಳಿದ್ರೆ ಆಯ್ತಿತ್ತಲ್ಲವ್ವ" ಎಂದು ನನ್ನನ್ನೇ ಆಕ್ಷೇಪಿಸಿದರು. ನ್ಯಾಯವಾದ ಮಾತು.

ಇನ್ನು ಗೈಡ್ ವಿಷಯ. ಹೋದ ವಾರ ಅವರ ಮುಂದೆ ಹೋಗಿ ನಿಂತೆ. "ಮೇಡಂ, ಚಿತ್ರ ನೋಡಬೇಡಿ, ಒಂದು ಡಿಸ್ಚಾರ್ಜ್ ನೋಡಿ, ಆಮೇಲೆ ಬೇಡ ಎಂದರೆ ಹರಿದುಹಾಕುತ್ತೇನೆ" ಎಂದೆ. ಬಂದರು. ವಾರ್ಡಿನ ಬಾಗಿಲಲ್ಲಿ ನಿಂತು, ಅಭ್ಯಾಸಬಲದಿಂದ ಅವರೇ ಕೂಗಿದರು, "ಪೇಷಂಟ್ ಕಡೆಯೋರು ಬನ್ನಿ!" ಅವತ್ತು ಮನೆಗೆ ಹೋಗಲಿದ್ದ ಪೇಷಂಟಿನ ಅಳಿಯ ಸುದರ್ಶನ್ ಎಂಬುವರು ಕಾರಿನ ಕೀಲಿ ಹಿಡಿದುಕೊಂಡು ಬಂದರು.

"ನಮಸ್ಕಾರ ಮೇಡಂ, ನಂಗೇಳಿ, ನಾನು ಎಲ್ಲಾನೂ ಮನೇಲಿ ಯೋಳ್ತೀನಿ."

ನಾನು ಕೇಳಿದೆ, "ಮನೇಲಿ ಇವರ ಮಗ್ಗುಲು ಬದಲಾಯಿಸೋದು ಯಾರು ಸಾರ್?"

ಸುದರ್ಶನ್ ಹಿಂದಿರುಗಿ ನೋಡಿದರು. ಗೈಡ್ ನೋಡಿದರು. ಬಾಗಿಲ ಹೊರಗೆ ಒಬ್ಬ ಹೆಂಗಸು ಡಬ್ಬಿ ಹಿಡಿದು ನಲ್ಲಿಯ ಕಡೆ ಹೊರಟಿದ್ದಳು. "ಅವ್ಳೇ ಮೇಡಂ, ನಮ್ಮನೆಯವ್ಳು" ಎಂದರು. ಗೈಡ್ ತಾವೇ ಹೊರಗೆ ಹೋಗಿ ಆಕೆಯ ಕೈಯಿಂದ ಡಬ್ಬಿ ಇಸಿದುಕೊಂಡು ಕಿಟಕಿಯ ಮೇಲಿಟ್ಟು, ಆಕೆಯನ್ನು ಒಳಗೆ ಕರೆದುಕೊಂಡು ಬಂದರು. ಸಂಜೆ ನನ್ನ ಅಧ್ಯಾಯ ತರಿಸಿಕೊಂಡರು. ಇವತ್ತು ಸಹಿ ಮಾಡಿ ಕೊಟ್ಟಿದ್ದಾರೆ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬೇಕಾದಷ್ಟು ತಿದ್ದುಪಡಿ ಇದೆ, ಆದರೆ ನೀವು ಹೇಳಿದಂತೆ ಎರಡು ಭಾಗ ಮಾಡಿದ ಐದನೆಯ ಚೌಕವನ್ನು ಮುಟ್ಟಿಲ್ಲ.

ಹೊಸ ಪೇಷಂಟುಗಳ ಬೆನ್ನು ನೋಡುವುದನ್ನು ಮುಗಿಸಿ ಏಪ್ರಿಲಿನಲ್ಲಿ ಸಲ್ಲಿಸುತ್ತೇನೆ. ಪರೀಕ್ಷಕರು ಏನನ್ನುತ್ತಾರೋ ಗೊತ್ತಿಲ್ಲ. ಕೆಲಸವೂ ಇಲ್ಲ. ಅಪ್ಪ ಒಂದು ವಾರ ಮಾತು ಬಿಟ್ಟು, ಈಗ ಊರವರಿಗೆಲ್ಲ "ನನ್ ಮಗ್ಳು ಒಸಾದು ಏನೋ ಕಂಡಿಡ್ದವ್ಳೆ" ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಏನು ಎಂದು ಯಾರಾದರೂ ಕೇಳಿದರೆ ಅವರಿಗೆ ಗೊತ್ತಿಲ್ಲ. ನನಗೆ ಹೆದರಿಕೆಯಿಲ್ಲ ಮೇಡಂ.

ನೀವು ನಡೆಯುತ್ತಿದ್ದೀರಾ? ನಿಜ ಬರೆಯಿರಿ.

ನಿಸರ್ಗ


ಅರಕಲಗೂಡು
೫ ಫೆಬ್ರವರಿ ೨೦೨೫

ನಿಸರ್ಗಾ,

ನಿಜವನ್ನೇ ಬರೆಯುತ್ತೇನೆ. ವಾಕರ್ ಹಿಡಿದು ಜಗಲಿಯ ತನಕ ಹೋಗುತ್ತೇನೆ, ಅಲ್ಲಿಂದ ಒಳಗೆ ಬರುವಾಗ ನೋಯುತ್ತದೆ, ಬಯ್ದುಕೊಂಡು ಬರುತ್ತೇನೆ. ತ್ರಿಷಾ ಪಕ್ಕದಲ್ಲೇ ಇರುತ್ತಾಳೆ, ಹಿಡಿದುಕೊಳ್ಳುವುದಿಲ್ಲ. ಯಾವಾಗ ಹಿಡಿಯಬಾರದು ಎಂದು ಕಲಿತಿದ್ದಾಳೆ. ಅದು ಕಷ್ಟದ ಪಾಠ.

ನಿನ್ನ ಕಾಗದವನ್ನು ಅವಳಿಗೆ ಓದಲು ಕೊಟ್ಟೆ. ಡಬ್ಬಿ ಕಿಟಕಿಯ ಮೇಲಿಟ್ಟ ಜಾಗಕ್ಕೆ ಬಂದಾಗ ಎದ್ದು ಅಡುಗೆಮನೆಗೆ ಹೋದಳು. ಬಹಳ ಹೊತ್ತಾದ ಮೇಲೆ ಬಂದಳು, ಕಣ್ಣು ಕೆಂಪಗಿತ್ತು.

ಪರೀಕ್ಷಕರು ಆ ಬಾಣದ ವಿಷಯ ಕೇಳಿದರೆ ಗಂಟೆ ಹೊಡೆದ ಕಥೆಯನ್ನೇ ಹೇಳು. ಅರ್ಧಕ್ಕೆ ಬಿಟ್ಟವಳು ನಾನು, ಎಲ್ಲಿಗೆ ಎಂದು ಕೇಳಿದವಳು ನೀನು. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ?

ಇದೇ ಹದಿನೆಂಟಕ್ಕೆ ಎಕ್ಸ್‌ರೇ ತೆಗೆಸಲು ಹಾಸನದ ಅದೇ ನರ್ಸಿಂಗ್ ಹೋಮಿಗೆ ಬರುತ್ತಿದ್ದೇನೆ. ಈ ಸಲ ಹೇಳಿಯೇ ಬರುತ್ತಿದ್ದೇನೆ, ಗಮನಿಸು. ಪದ್ಮಕುಮಾರ್ ಕಾರು ನಿಲ್ಲಿಸಲು ಹೋಗಿರುತ್ತಾನೆ. ನರ್ಸಮ್ಮ ಬಾಗಿಲಿಗೆ ಬಂದು ಪೇಷಂಟ್ ಕಡೆಯೋರು ಯಾರು ಎಂದು ಕೂಗುತ್ತಾಳೆ. ನನಗೆ ಕೇಳಿಸುವುದಿಲ್ಲ. ನಿಮಗೆ ಕೇಳಿಸುತ್ತದೆ.

ನೀನು, ತ್ರಿಷಾ, ಇಬ್ಬರೂ ಎದ್ದು ನಿಲ್ಲಿ.

ಜ್ವಾಲಾಮಾಲಿನಿ